ಟಾಂಕಿ ಗುಮ್ಮನ ಹೊಟ್ಟೆ

ಇನ್ನೊಬ್ಬರ ಹೊಟ್ಟೆಯ ವಿಚಾರಕ್ಕೆ ನಾನು ಹೋದದ್ದು ಜೀವನದಲ್ಲಿ ಒಂದೇ ಸಲ. ಅದೂ ಮನುಷ್ಯರದ್ದಲ್ಲ, ಗುಮ್ಮನದ್ದು. ಅಷ್ಟಕ್ಕೇ ಮುಂಬೈಯ ಅರವತ್ತು ಜನ ನನ್ನ ಮೇಲೆ ಬಿದ್ದರು. ಅರವತ್ತೊಂದನೆಯವಳು ನಮ್ಮಮ್ಮ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಇವಳಿಗೇನು ಗುಮ್ಮನ ಹುಚ್ಚು ಎಂದುಕೊಳ್ಳುತ್ತೀರಿ. ಹುಚ್ಚು ಇರುವುದೇನೋ ನಿಜ. ಹಗಲು ನಾನು ಫೋರ್ಟ್‌ನ ಒಂದು ವಿಮಾ ಕಚೇರಿಯಲ್ಲಿ ಜನರ ಅರ್ಜಿ ಓದುವವಳು, ಉಳಿದ ಹೊತ್ತು ಚಿತ್ರ ಬರೆಯುವವಳು. ಕೆಲವು ವರ್ಷಗಳ ಹಿಂದೆ ನಾನು, ದಾದರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ನನ್ನ ಸ್ನೇಹಿತರೊಬ್ಬರು ಸೇರಿಕೊಂಡು, ಮೇಜಿನ ಸುತ್ತ ಕೂತು ಆಡುವ ಒಂದು ಆಟ ಮಾಡಿದೆವು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಬದುಕಿದರೋ ಸತ್ತರೋ ಎಂಬುದನ್ನು ದಾಳ ಹೇಳುತ್ತದೆ. ಹೊರದೇಶದ ಇಂಥ ಆಟಗಳಲ್ಲಿ ಕೋಟೆ, ಕತ್ತಿ, ಬೆಂಕಿ ಉಗುಳುವ ಪ್ರಾಣಿ ಎಲ್ಲ ಇರುತ್ತವೆ. ನಮ್ಮದರಲ್ಲಿ ಇರುವುದು ಒಂದು ಹಳೇ ಬಿಲ್ಡಿಂಗ್. ಆಟಗಾರರು ಅದರಲ್ಲಿ ಬಾಡಿಗೆಗಿರುವವರು. ಮೀಟರ್ ರೂಮಿನಲ್ಲಿ ಒಬ್ಬ ಬ್ರಹ್ಮರಾಕ್ಷಸ, ಹೌಸಿಂಗ್ ಸೊಸೈಟಿಯ ನಿಯಮ ಕೇಳಿ ಉತ್ತರ ಬಾರದವರನ್ನು ನುಂಗುತ್ತಾನೆ. ಲಿಫ್ಟಿನಲ್ಲಿ ಒಬ್ಬಳು ಮೋಹಿನಿ, ಯಾವ ಮಹಡಿ ಒತ್ತಿದರೂ ಇಲ್ಲದ ಮಹಡಿಗೆ ಕರೆದೊಯ್ಯುತ್ತಾಳೆ. ಹೀಗೆ ಹನ್ನೊಂದು ಭೂತಗಳು. ಹನ್ನೊಂದಕ್ಕೂ ರಾಜ, ಟೆರೇಸಿನ ನೀರಿನ ಟಾಂಕಿಯಲ್ಲಿ ವಾಸಿಸುವ ಟಾಂಕಿ ಗುಮ್ಮ.

ಹತ್ತು ಭೂತಗಳು ನನ್ನ ತಲೆಯಿಂದ ಬಂದವು. ಟಾಂಕಿ ಗುಮ್ಮ ಮಾತ್ರ ಅಮ್ಮನ ಸೃಷ್ಟಿ. ಅಪ್ಪನಿಗೆ ಇಲ್ಲಿಗೆ ವರ್ಗವಾಗಿ, ಮೈಸೂರಿನಿಂದ ಬಂದು ಮಾಟುಂಗದ ಮೂರನೇ ಮಹಡಿಯ ಈ ಮನೆಯಲ್ಲಿ ಸಂಸಾರ ಹೂಡಿದಾಗ, ಅಣ್ಣನಿಗೆ ನಾಲ್ಕು ವರ್ಷ. ಕಣ್ಣು ತಪ್ಪಿದರೆ ಟೆರೇಸಿಗೆ ಓಡುತ್ತಿದ್ದನಂತೆ. ಅವನನ್ನು ಹೆದರಿಸಲು ಅಮ್ಮ ಕಟ್ಟಿದ ಗುಮ್ಮ ಅದು. ಹಂಡೆಯಂಥ ಹೊಟ್ಟೆ, ಕತ್ತೇ ಇಲ್ಲ, ಮೊರದಗಲ ಕಿವಿ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತದೆ. ಉಪ್ಪು ಸವರಿದ ಮಾವಿನಕಾಯಿ ಕೊಟ್ಟರೆ ಸುಮ್ಮನಾಗುತ್ತದೆ. ಕಾಫಿಪುಡಿಯ ವಾಸನೆ ಬಂದರೆ ಓಡಿಹೋಗುತ್ತದೆ. ನಾನೂ ಅದನ್ನೇ ಕೇಳಿ ಬೆಳೆದವಳು. ನನಗೆ ಹೆದರಿಕೆ ಅಷ್ಟೇನೂ ಆಗಲಿಲ್ಲ, ಅಣ್ಣನಿಗೆ ಮಾತ್ರ ಐವತ್ತು ದಾಟಿದ ಮೇಲೂ ಬಿಟ್ಟಿಲ್ಲ. ಠಾಣೆಯಲ್ಲಿರುವ ತನ್ನ ಸ್ವಂತ ಬಿಲ್ಡಿಂಗಿನ ಟೆರೇಸಿಗೂ ಒಬ್ಬನೇ ಹೋಗುವುದಿಲ್ಲ.

ಅಮ್ಮ ಹೇಳಿದ್ದನ್ನೆಲ್ಲ ಹಾಗೆಹಾಗೇ ಬರೆದು ಪುಸ್ತಕಕ್ಕೆ ಹಾಕಿದ್ದೆ. ಕಾಫಿಪುಡಿ, ಮಾವಿನಕಾಯಿ, ಏದುಸಿರು, ಎಲ್ಲವೂ ಆಟದ ನಿಯಮಗಳಾದವು. ಆಟ ಆಡುವವರು ಅರವತ್ತು ಚಿಲ್ಲರೆ ಜನ ಕೂಡಿಕೊಂಡರು, ವಾಟ್ಸಾಪ್ ಗುಂಪು ಹುಟ್ಟಿತು, ಮೊದಲ ಮುದ್ರಣ ಮುಗಿದೇ ಹೋಯಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಆಟಗಳ ಮೇಳದಲ್ಲಿ ನಮ್ಮ ಮೇಜಿನ ಹತ್ತಿರ ಬಂದ ಹುಡುಗಿಯೊಬ್ಬಳು ಗುಮ್ಮನ ಚಿತ್ರ ನೋಡಿ, "ಅಯ್ಯೋ, ಸೋ ಕ್ಯೂಟ್" ಎಂದು ಕೆನ್ನೆ ಹಿಂಡುವಂತೆ ಪುಟವನ್ನೇ ಹಿಂಡಿಬಿಟ್ಟಳು. ನನಗೆ ಉರಿದುಹೋಯಿತು. ನಮ್ಮ ವಂಶವನ್ನೇ ಹೆದರಿಸಿದ ಗುಮ್ಮ ಇವಳಿಗೆ ಮುದ್ದಂತೆ.

ಎರಡನೆಯ ಮುದ್ರಣಕ್ಕೆ ಹನ್ನೊಂದೂ ಭೂತಗಳನ್ನು ಹೊಸದಾಗಿ ಬರೆದೆ. ಟಾಂಕಿ ಗುಮ್ಮನಿಗಂತೂ ವಿಶೇಷ ಸೇವೆ. ಹೊಟ್ಟೆ ಕರಗಿಸಿದೆ. ಪಕ್ಕೆಲುಬು ಎಣಿಸುವ ಹಾಗೆ ಮಾಡಿದೆ. ಕತ್ತು ಕೊಟ್ಟೆ, ಕೋರೆಹಲ್ಲು ಕೊಟ್ಟೆ, ಕಣ್ಣಿಗೆ ಹಸಿರು ಬೆಳಕು ಹಾಕಿದೆ. ಮಾವಿನಕಾಯಿ ತಿನ್ನುವ ರಾಕ್ಷಸ ಎಲ್ಲಾದರೂ ಉಂಟೇ ಎಂದು ಅದನ್ನೂ ತೆಗೆದೆ. ಮೂರು ತಿಂಗಳ ಕೆಲಸ ಅದು. ಮುಗಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರೆಸ್ಸಿನ ಸ್ನೇಹಿತರು ಫೈಲು ತೆರೆದು ಬಹಳ ಹೊತ್ತು ನೋಡಿದರು. ಅವರು ವಿಜಯಪುರದ ಕಡೆಯವರು, ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಅವರೂರಿನ ಕನ್ನಡ.

"ಅಕ್ಕಾರ, ಹೊಟ್ಟಿ ಎಲ್ಲಿ ಹೋತ್ರೀ?"

"ತೆಗೆದೆ."

"ಯಾಕ್ರೀ? ಛಲೋ ಇತ್ತಲ್ರೀ ಹೊಟ್ಟಿ."

"ಈಗ ಹೆದರಿಕೆ ಆಗುತ್ತಾ ಇಲ್ವಾ ಹೇಳಿ."

"ಹೆದರಿಕಿ ಆಗ್ತದ್ರೀ. ಆದ್ರ ಯಾರರ ಉಪಾಸ ಕೆಡವಿದಾರೇನೋ ಅಂತ ಪಾಪಾನೂ ಅನಸ್ತದ." ಆಮೇಲೆ ಮೌಸ್ ಕೆಳಗಿಟ್ಟು ಹೇಳಿದರು. "ದಸರಾ ಮುಗದ ಮರುದಿನ ಅಚ್ಚಿನ ಪ್ಲೇಟ್ ಮಾಡಸ್ತೀನಿ. ಅಷ್ಟರಾಗ ಮನಸ್ಸು ಬದಲಾದ್ರ ಹೇಳ್ರಿ. ಪ್ಲೇಟ್ ಆದ ಮ್ಯಾಲ ನಾ ಕೇಳಾಂಗಿಲ್ಲ."

ಬದಲಾಗುವುದಿಲ್ಲ ಎಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ ನಾನು.

ಇನ್ನು ನಾನು ಮಾಡಿದ ನಿಜವಾದ ತಪ್ಪಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೈಸೂರಿನಿಂದ ಅಮ್ಮ ಟ್ರಂಕಿನಲ್ಲಿ ತಂದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ, ಅಕ್ಕಿಬೇಳೆ ಹರಡಿಕೊಂಡ ಶೆಟ್ಟಿ ದಂಪತಿ ಕೆಳಗಿನ ಮೆಟ್ಟಿಲಲ್ಲಿ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು. ಆಟದ ಪುಸ್ತಕ ಬಂದ ವರ್ಷ ಧಾರಾವಿಯ ಕುಂಬಾರವಾಡಾದಲ್ಲಿ ಗೇಣುದ್ದದ ಟಾಂಕಿ ಗುಮ್ಮನನ್ನು ಮಣ್ಣಿನಲ್ಲಿ ಮಾಡಿಸಿ ತಂದಿದ್ದೆ. ಅಮ್ಮ ನಕ್ಕು, ಶೆಟ್ಟಿಯ ಪಕ್ಕದಲ್ಲೇ ಜಾಗ ಕೊಟ್ಟಿದ್ದಳು. ಅಂದಿನಿಂದ ಪ್ರತಿ ವರ್ಷ ಅಲ್ಲೇ ಕೂರುತ್ತಿತ್ತು. ಈ ಸಲ ಆ ಹಳೆಯ ಗೊಂಬೆಯನ್ನು ಅಳತೆಗೆಂದು ಕುಂಬಾರನಿಗೆ ಕೊಟ್ಟು, ಹೊಸ ರೂಪದ್ದನ್ನು ಮಾಡಿಸಿದ್ದೆ.

ಪಾಡ್ಯದ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಆರತಿ ತಟ್ಟೆ ಜೋಡಿಸುತ್ತಿದ್ದಾಗ ಹೊಸ ಗುಮ್ಮನನ್ನು ಮೆಲ್ಲಗೆ ಶೆಟ್ಟಿಯ ಪಕ್ಕ ಇಟ್ಟೆ. ಅವಳು ಬಂದಳು, ಆರತಿ ಮಾಡಿದಳು, ಎಲ್ಲ ಗೊಂಬೆಗಳ ಮೇಲೂ ಅಕ್ಷತೆ ಹಾಕಿದಳು. ಆಮೇಲೆ ಕನ್ನಡಕ ಹಾಕಿಕೊಂಡಳು.

"ಏನೇ ಇದು?"

"ಟಾಂಕಿ ಗುಮ್ಮ. ಹೊಸದು."

"ಇದರ ಹೊಟ್ಟೆ ಎಲ್ಲಿ?"

"ಈಗಿನವರಿಗೆ ಹೆದರಿಕೆ ಆಗ್ಬೇಕಲ್ಲಮ್ಮ, ಅದಕ್ಕೆ ಸ್ವಲ್ಪ ತೆಳ್ಳಗೆ ಮಾಡ್ದೆ."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದೀಯ" ಎಂದಳು. "ಇದು ನಮ್ಮನೆ ಗುಮ್ಮ ಅಲ್ಲ. ನನ್ನ ಗುಮ್ಮ ಅಲ್ಲ."

ಕೊನೆಯ ಮಾತನ್ನು ಹೇಳುವಾಗ ಅಮ್ಮನ ದನಿ ಒಂದು ಸ್ವಲ್ಪ ಬದಲಾಯಿತು. ನಾನು ಗಮನಿಸಿದೆ, ಗಮನಿಸದವಳ ಹಾಗೆ ನಟಿಸಿದೆ. ಹಾಗಾದರೆ ತೆಗೆದಿಡಲೇ ಎಂದು ಕೇಳಿದೆ. ಒಮ್ಮೆ ಅಕ್ಷತೆ ಬಿದ್ದ ಗೊಂಬೆಯನ್ನು ದಶಮಿಯವರೆಗೆ ಮೆಟ್ಟಿಲಿಂದ ಎತ್ತುವ ಹಾಗಿಲ್ಲ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಯಾರಿಗೂ ಬೇಡವಾದ ಗುಮ್ಮ ಇನ್ನು ಹತ್ತು ದಿನ ಅಲ್ಲೇ ಕೂರಬೇಕಾಯಿತು.

ಆಫೀಸಿಗೆ ಹೊರಡುವ ಮೊದಲು ಅದರದ್ದೊಂದು ಫೋಟೋ ತೆಗೆದು, ಉಳಿದ ಹತ್ತು ಭೂತಗಳ ಹೊಸ ಚಿತ್ರಗಳ ಜೊತೆ ಆಟದ ಗುಂಪಿಗೆ ಹಾಕಿದ್ದೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಎಲ್ಲರೂ ನವರಾತ್ರಿಯ ಆ ದಿನದ ಬಣ್ಣ ಉಟ್ಟು ಹಳದಿ ಹಳದಿಯಾಗಿ ನಿಂತಿದ್ದರು. ಅವರ ನಡುವೆ ನಾನು ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನು ಹಿಡಿದು, ಹೊಗಳಿಕೆ ಬರಲಿ ಎಂದು ಕಾಯುತ್ತಿದ್ದೆ. ಪರೇಲ್ ಬರುವಷ್ಟರಲ್ಲಿ ನಲವತ್ತು ಮೆಸೇಜು ಬಂದಿದ್ದವು.

"ಆಂಟಿ, ಗುಮ್ಮನಿಗೆ ಜಿಮ್ ಜಾಯಿನ್ ಮಾಡ್ಸಿದ್ರಾ?"

"ಯೇ ಹಮಾರಾ ಗುಮ್ಮ ನಹೀ ಹೈ."

"ಹೊಟ್ಟೆ ವಾಪಸ್ ಕೊಡಿ." ಇದನ್ನು ಒಬ್ಬರು ಹಾಕಿದರು, ಅದರ ಕೆಳಗೆ ಉಳಿದವರೆಲ್ಲ ಸಾಲಾಗಿ ಅದನ್ನೇ ಹಾಕಿದರು, ಸಹಿ ಸಂಗ್ರಹದ ಹಾಗೆ. ಕಾಲೇಜು ಹುಡುಗಿಯೊಬ್ಬಳು ಹಳೆಯ ಹೊಟ್ಟೆಯ ಚಿತ್ರಕ್ಕೆ ಹೂವಿನ ಹಾರ ಹಾಕಿ, ಕೆಳಗೆ ದೀಪ ಹಚ್ಚಿ ಶ್ರದ್ಧಾಂಜಲಿ ಅರ್ಪಿಸಿದ್ದಳು. ಬ್ರಹ್ಮರಾಕ್ಷಸನ ಹೊಸ ಮೀಸೆಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಮೋಹಿನಿಗೆ ಮೂರು ವಾರ ಕೂತು ಜಡೆ ಬರೆದಿದ್ದೆ, ಅವಳನ್ನೂ ಕೇಳುವವರಿಲ್ಲ. ಸಿಟ್ಟಿನಲ್ಲಿ, ಹೊಟ್ಟೆ ಬರುವುದಿಲ್ಲ, ಇದೇ ಕೊನೆ ಮಾತು ಎಂದು ಬರೆದು ಫೋನು ಚೀಲಕ್ಕೆ ಹಾಕಿದೆ. ಹಾಕಿದ ಮೇಲೆ ನಗು ಬಂತು. ಆ ಶ್ರದ್ಧಾಂಜಲಿ ನಿಜಕ್ಕೂ ಚೆನ್ನಾಗಿತ್ತು. ನಾನೊಬ್ಬಳೇ ನಗುವುದನ್ನು ನೋಡಿ ಪಕ್ಕದ ಹಳದಿ ಸೀರೆಯವರು ಸ್ವಲ್ಪ ಸರಿದು ನಿಂತರು.

ಮಧ್ಯಾಹ್ನ ಬಂದದ್ದು ಪತ್ರ. ನಮ್ಮ ಆಟದ ಅತ್ಯಂತ ಹಿರಿಯ ಭಕ್ತರು ಉಡುಪಿ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಸುಪರಿಂಟೆಂಡೆಂಟ್, ನಿವೃತ್ತಿಗೆ ಹತ್ತಿರ ಬಂದವರು. ಏಳು ಪುಟ ಟೈಪ್ ಮಾಡಿ ಕಳಿಸಿದ್ದರು. ವಿಷಯ: ಟಾಂಕಿ ಗುಮ್ಮನ ಉದರವನ್ನು ಪೂರ್ವಸ್ಥಿತಿಗೆ ತರುವ ಕುರಿತು. ಉಲ್ಲೇಖ: ಮೊದಲ ಮುದ್ರಣ, ಟಾಂಕಿಯ ಅಧ್ಯಾಯ. ಅವರ ವಾದ ಇಷ್ಟು. ನಾಲ್ಕು ವರ್ಷ ಆಡಿ ಬೆಳೆಸಿದ ಅವರ ಪಾತ್ರ, ಒಬ್ಬ ಲಿಫ್ಟ್ ರಿಪೇರಿಯವನು, ಒಂದು ಭಾನುವಾರ ಟಾಂಕಿ ಗುಮ್ಮನ ಹೊಟ್ಟೆಯ ಕೆಳಗೆ ಸಿಕ್ಕಿ ಪ್ರಾಣ ಬಿಟ್ಟಿದ್ದ. ಅವರು ಅದಕ್ಕಾಗಿ ಎರಡು ದಿನ ಬೇಜಾರಿನಲ್ಲಿದ್ದರು. ಈಗ ಗುಮ್ಮನಿಗೆ ಹೊಟ್ಟೆಯೇ ಇಲ್ಲ ಎಂದಾದರೆ ತಮ್ಮವನು ಸತ್ತದ್ದು ಯಾತರಿಂದ? ದಯವಿಟ್ಟು ಸ್ಪಷ್ಟೀಕರಣ ನೀಡುವುದು. ಕೆಳಗೆ ಸಹಿ, ಸಹಿಯ ಕೆಳಗೆ ಅಡಕಗಳು ಎರಡು.

ಪತ್ರ ತಲುಪಿದೆ, ಪರಿಶೀಲಿಸಲಾಗುವುದು ಎಂದು ನಮ್ಮ ವಿಮಾ ಕಚೇರಿಯ ಭಾಷೆಯಲ್ಲೇ ಮಾರುತ್ತರ ಕಳಿಸಿದೆ.

ಮೂರನೆಯ ದಿನ ಸಂಜೆ ಕುಂಕುಮಕ್ಕೆ ಬಂದ ಎದುರು ಮನೆಯ ಮರಾಠಿ ಅಕ್ಕ ಗುಮ್ಮನನ್ನು ನೋಡಿ, "ಕಿತೀ ಬಾರೀಕ ಝಾಲಾ" ಎಂದು ಕನಿಕರಪಟ್ಟರು. ಇಷ್ಟು ಬಡವಾಗಿದ್ದಾನಲ್ಲ, ಹುಷಾರಿರಲಿಲ್ಲವೇ ಎಂದು ಅಮ್ಮನನ್ನು ವಿಚಾರಿಸಿದರು. ಅಮ್ಮ ನನ್ನ ಕಡೆ ನೋಡದೆ, ಇವಳ ಕೈಗೆ ಸಿಕ್ಕಿ ಹಾಗಾಯಿತು ಎಂದಳು.

ನಾಲ್ಕನೆಯ ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಗುಮ್ಮನಿಗೆ ಒಂದು ಬಟ್ಟೆ ಸುತ್ತಿದೆ. ರವಿಕೆ ಕಣದ ತುಂಡು, ಹಸಿರು. ತಪ್ಪೇನಿಲ್ಲ, ಗೊಂಬೆಗಳಿಗೆ ಸೀರೆ ಉಡಿಸುವುದು, ಸರ ಹಾಕುವುದು ಇದ್ದದ್ದೇ. ಐದನೆಯ ದಿನ ಬಟ್ಟೆಯ ಕೆಳಗೆ ಏನೋ ಉಬ್ಬಿದ ಹಾಗಿತ್ತು. ಆರನೆಯ ದಿನ ಉಬ್ಬು ನಿಂಬೆಹಣ್ಣಿನಷ್ಟಾಗಿತ್ತು. ಏಳನೆಯ ದಿನ ಕಿತ್ತಳೆ.

"ಅಮ್ಮ, ಬತ್ತಿ ಹೊಸೆಯೋ ಹತ್ತಿ ಪೊಟ್ಟಣ ಖಾಲಿಯಾಗಿದೆಯಲ್ಲ?"

"ಹಬ್ಬ ಅಂದ್ಮೇಲೆ ಖರ್ಚಾಗಲ್ವೇನೆ" ಎಂದು ಅಮ್ಮ ಕಡಲೆಕಾಳು ಉಸಲಿಗೆ ಕೊಬ್ಬರಿ ತುರಿಯುತ್ತ ಕೂತಳು. ಎಪ್ಪತ್ತು ದಾಟಿದವಳ ಮುಖದಲ್ಲಿ ಕದ್ದು ಬೆಣ್ಣೆ ತಿಂದವರ ಶಾಂತಿ. ಗೊಂಬೆಯನ್ನು ಅವಳು ಎತ್ತಿರಲಿಲ್ಲ, ಒಂದಿಂಚು ಸರಿಸಿಯೂ ಇರಲಿಲ್ಲ. ನಿಯಮ ಎಲ್ಲೂ ಮುರಿದಿರಲಿಲ್ಲ.

ಎಂಟನೆಯ ದಿನ ದುರ್ಗಾಷ್ಟಮಿ. ಸಂಜೆ ಆಟದ ಗುಂಪಿನವರನ್ನು ಗೊಂಬೆ ನೋಡಲು ಕರೆದಿದ್ದೆ. ನನ್ನ ಲೆಕ್ಕಾಚಾರ ಏನೆಂದರೆ, ಹೊಸ ಗುಮ್ಮನನ್ನು ಎದುರಿಗೇ ಕಂಡರೆ ಇವರ ಬಾಯಿ ಮುಚ್ಚುತ್ತದೆ. ಹದಿನೈದು ಜನ ಬಂದರು. ಸುಪರಿಂಟೆಂಡೆಂಟರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪ್ರೆಸ್ಸಿನ ಸ್ನೇಹಿತರು ದಾದರ್ ಹೂವಿನ ಮಾರ್ಕೆಟ್ಟಿನಿಂದ ಒಂದು ಚೀಲ ಚೆಂಡುಹೂವಿನ ಜೊತೆ, ಉಳಿದವರು ಕಾಲೇಜಿನ ಮಕ್ಕಳು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಪಟ್ಟದ ಗೊಂಬೆಯನ್ನೂ ನೋಡಲಿಲ್ಲ, ದಶಾವತಾರವನ್ನೂ ನೋಡಲಿಲ್ಲ. ಕೆಳಗಿನ ಮೆಟ್ಟಿಲ ಮುಂದೆ ಗುಂಪಾಗಿ ಕೂತುಬಿಟ್ಟರು.

"ಹೊಟ್ಟೆ" ಎಂದಳು ಶ್ರದ್ಧಾಂಜಲಿಯ ಹುಡುಗಿ.

"ಹೊಟ್ಟಿ ಬಂತಲ್ರೀ ಅಕ್ಕಾರ" ಎಂದರು ಪ್ರೆಸ್ಸಿನವರು.

ಚಪ್ಪಾಳೆ ಎದ್ದಿತು. ಯಾರೋ ಶಿಳ್ಳೆ ಹಾಕಿದರು. ಕೆಳಗೆ ಸೊಸೈಟಿಯ ದಾಂಡಿಯಾಕ್ಕೆ ಕಟ್ಟಿದ ಸ್ಪೀಕರು ಅದೇ ಹೊತ್ತಿಗೆ ಶುರುವಾಗಿ, ಇಬ್ಬರು ಹುಡುಗರು ಕೂತಲ್ಲೇ ಕುಣಿದರು. ನಾನು ಮಾಡಿದ್ದಲ್ಲ, ಅಮ್ಮ ಹತ್ತಿ ತುರುಕಿದ್ದು ಎಂದು ಒಪ್ಪಿಕೊಳ್ಳಬೇಕಾಯಿತು. ಅಲ್ಲಿಗೆ ನನ್ನನ್ನು ಬಿಟ್ಟು ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ದೊನ್ನೆಯಲ್ಲಿ ಗೊಂಬೆಯ ಚರ್ಪೆಂದು ಉಸಲಿ ಹಂಚುತ್ತಿದ್ದಳು. ಈ ಉಸಲಿಗೆ ಬಾಯಿ ಬಿಡುವ ಮಕ್ಕಳೆಂದರೆ ಅವಳಿಗೆ ಮೊದಲಿಂದ ಇಷ್ಟ. ಮೂವತ್ತು ವಯಸ್ಸಿನವರೂ ಅವಳಿಗೆ ಮಕ್ಕಳೇ.

ಸುಪರಿಂಟೆಂಡೆಂಟರು ಕೈ ಕಟ್ಟಿ ಕೇಳಿದರು. "ಅಮ್ಮ, ನಂದೊಂದು ಪ್ರಶ್ನೆ ಉಂಟು. ಈ ಹೊಟ್ಟೆ ನಿಮಗೆ ಎಲ್ಲಿಂದ ಹೊಳೆದದ್ದು?"

ಅಮ್ಮ ಸೌಟು ಪಾತ್ರೆಯಲ್ಲಿಟ್ಟಳು. ಇಷ್ಟು ವರ್ಷ ನಾನು ಇದನ್ನು ಕೇಳಿರಲೇ ಇಲ್ಲ. ಗುಮ್ಮನಿಗೆ ಹೊಟ್ಟೆ ಇರುತ್ತದೆ, ಅದರಲ್ಲಿ ಕೇಳುವುದೇನು ಎಂದುಕೊಂಡಿದ್ದೆ.

"ಹೊಳೆದದ್ದಲ್ಲಪ್ಪ, ಕಂಡದ್ದು" ಎಂದಳು. "ನಾವು ಈ ಮನೆಗೆ ಬಂದ ಹೊಸದು. ನಂಗೆ ಮರಾಠಿ ಬಾರದು, ಹಿಂದಿ ಬಾರದು. ಮಗ ಟೆರೇಸಿಗೆ ಓಡೋನು. ಅಲ್ಲಿ ಗೋಡೆ ನನ್ನ ಮೊಣಕಾಲಿನಷ್ಟಿತ್ತು. ಓಡಿಹೋಗಿ ಹಿಡಿಯೋಣ ಅಂದ್ರೆ ಆಗ್ತಿರ್ಲಿಲ್ಲ. ಮೂರು ಮೆಟ್ಟಿಲಿಗೆ ಏದುಸಿರು ಬರೋದು. ಯಾರನ್ನಾದ್ರೂ ಕೂಗೋಣ ಅಂದ್ರೆ ಯಾವ ಭಾಷೇಲಿ ಕೂಗಲಿ? ಒಂದಿನ ಸಂಜೆ ತಲೆಗೆ ನೀರು ಹಾಕ್ಕೊಂಡು, ಕೂದಲಿಗೆ ಟವೆಲ್ ಸುತ್ತಿಕೊಂಡು ಮೇಲೆ ಹೋಗಿದ್ದೆ, ಸೀರೆ ತರೋಕೆ. ಇವನು ಹಿಂದೆ ಬಂದಿದ್ದಾನೆ. ಒಣಹಾಕಿದ ಸೀರೆ ಅಡ್ಡ ಇತ್ತು, ಅವನಿಗೆ ನಾನು ಕಾಣಲಿಲ್ಲ. ಟಾಂಕಿ ಗೋಡೆ ಮೇಲೆ ನನ್ನ ನೆರಳು ಕಾಣ್ತು. ಕಿಟಾರಂತ ಕಿರುಚಿ ಕೆಳಗೆ ಓಡಿದ. ನಾನೂ ತಿರುಗಿ ನೋಡಿದೆ. ಟವೆಲಿನ ಎರಡು ತುದಿ ಮೊರದ ಥರ ಕಿವಿ, ಕತ್ತೇ ಇಲ್ಲ, ಹೊಟ್ಟೆ ಹಂಡೆಯಷ್ಟು. ನನಗೇ ಒಂದು ಗಳಿಗೆ ಎದೆ ಝಲ್ ಅಂತು. ಆಮೇಲೆ ಅಲ್ಲೇ ಕೂತು ನಕ್ಕೆ. ಈ ಊರಿಗೆ ಬಂದ್ಮೇಲೆ ಅವತ್ತೇ ಮೊದಲು ನಕ್ಕಿದ್ದು."

ಕನ್ನಡ ಅರ್ಧ ಬರುವ ಮಕ್ಕಳು ಒಬ್ಬರಿಗೊಬ್ಬರು ಹಿಂದಿಯಲ್ಲಿ ಹೇಳಿಕೊಂಡರು. ಒಂದೊಂದೇ ಬಾಯಿ ತೆರೆಯಿತು.

"ಅಂದ್ರ ಗುಮ್ಮ ನೀವ ಏನ್ರೀ ಅಮ್ಮಾರ?" ಎಂದರು ಪ್ರೆಸ್ಸಿನವರು.

"ಮತ್ತಿನ್ಯಾರು? ಆಗ ನಂಗೆ ಕಾಫಿ ವಾಸನೆ ಬಂದ್ರೆ ವಾಂತಿ, ಮಾವಿನಕಾಯಿ ಸಿಕ್ಕಿದ್ರೆ ಸ್ವರ್ಗ."

ಏದುಸಿರು, ಮಾವಿನಕಾಯಿ, ಕಾಫಿ. ನಾನೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ ನಿಯಮಗಳು. ಅರವತ್ತು ಜನ ಅದನ್ನು ಬಾಯಿಪಾಠ ಮಾಡಿ ದಾಳ ಹಾಕಿದ್ದರು. ಒಬ್ಬರಿಗಾದರೂ, ಹೆಣ್ಣಾದ ನನಗಾದರೂ ಹೊಳೆಯಬಾರದಿತ್ತೇ?

"ಹಾಗಾದ್ರೆ ಹೊಟ್ಟೆ ಒಳಗೆ..." ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಅಮ್ಮ ಉಸಲಿಯ ಸೌಟನ್ನು ಎತ್ತಿ ನನ್ನ ಕಡೆ ತೋರಿಸಿದಳು. "ಇವಳೇ. ಎಂಟು ತಿಂಗಳು. ಮೂರು ತಿಂಗಳು ಕೂತು, ಕಣ್ಣು ಕೆಡಿಸಿಕೊಂಡು, ತನ್ನನ್ನ ತಾನೇ ಅಳಿಸಿ ಹಾಕಿದ್ದಾಳೆ."

ಆ ಕೋಣೆಯಲ್ಲಿ ಎದ್ದ ನಗು ಈಗಲೂ ಕಿವಿಯಲ್ಲಿದೆ. ಹುಡುಗಿ ನಕ್ಕು ನಕ್ಕು ನೆಲಕ್ಕೆ ಒರಗಿದಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು, ಆಮೇಲೆ ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಭಾಷೆ ಬಾರದ ಊರಿನಲ್ಲಿ ಅಷ್ಟು ದೊಡ್ಡ ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಿದ ಹುಡುಗಿಯನ್ನು ನಾನು ಕೋರೆಹಲ್ಲಿನ ರಾಕ್ಷಸ ಮಾಡಲು ಹೊರಟಿದ್ದೆ. ಅವಳು ಒಂದು ಮಾತೂ ಬೈಯದೆ, ದಿನಕ್ಕಿಷ್ಟು ಹತ್ತಿ ಇಟ್ಟು ನನ್ನನ್ನು ವಾಪಸ್ ಒಳಗೆ ಸೇರಿಸಿದ್ದಳು. ಸುಪರಿಂಟೆಂಡೆಂಟರು ಮಾತ್ರ ಗಂಭೀರವಾಗಿ ಬೆರಳು ಮಡಚುತ್ತಿದ್ದರು.

"ಹಾಗಾದ್ರೆ ನನ್ನ ಲಿಫ್ಟಿನವ ಸತ್ತದ್ದು ನಿಮ್ಮ ಕೆಳಗೆ ಸಿಕ್ಕಿ ಅಂತಾಯ್ತಲ್ಲ ಮಾರಾಯ್ರೆ" ಎಂದು ನನ್ನನ್ನು ನೋಡಿದರು. "ಸ್ಪಷ್ಟೀಕರಣ ಸಿಕ್ಕಿತು. ಫೈಲು ಮುಚ್ಚಬಹುದು."

ದಶಮಿಯ ಹಿಂದಿನ ದಿನ, ಆಯುಧಪೂಜೆಯ ರಜೆಯಲ್ಲಿ, ಬೆಳಿಗ್ಗೆಯಿಂದ ಕೂತು ಗುಮ್ಮನನ್ನು ಮತ್ತೆ ಬರೆದೆ. ಹಂಡೆ ಹೊಟ್ಟೆ, ಮೊರದ ಕಿವಿ, ಮಾವಿನಕಾಯಿ, ಎಲ್ಲ ಬಂದವು. ಟಾಂಕಿ ಗುಮ್ಮನನ್ನು ಇನ್ನು ರಾಜ ಎನ್ನುವ ಹಾಗಿಲ್ಲ ಎಂದು ರಾಣಿ ಎಂದು ತಿದ್ದಿದೆ. ಹೊಟ್ಟೆಯ ಒಳಗೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಹಾಗೆ, ಒಂದು ಪೆನ್ಸಿಲ್ ಹಿಡಿದ ಪುಟ್ಟ ಮುಷ್ಟಿ ಬರೆದೆ. ಪ್ರೆಸ್ಸಿಗೆ ಫೋನು ಮಾಡಿದಾಗ ಹಿಂದೆ ಗದ್ದಲ. ಕೆಲಸಗಾರರು ಮಷಿನ್‌ಗಳಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದರಂತೆ. "ಕಳಸ್ರೀ ಅಕ್ಕಾರ, ಹೊಟ್ಟಿ ಬಂದ ಕೂಡ್ಲೆ ಪ್ಲೇಟ್" ಎಂದರು. ಗುಂಪಿಗೆ, ನನ್ನ ಕೊನೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಬರೆದೆ. ಇಂಥ ಮಾತು ನನ್ನ ಬಾಯಲ್ಲಿ ಬಂದದ್ದು ಅಣ್ಣನಿಗೆ ಗೊತ್ತಾಗಿ, ಠಾಣೆಯಿಂದ ಫೋನು ಮಾಡಿ ಹುಷಾರಿದ್ದೀಯಾ ಎಂದು ಕೇಳಿದ. ಅಮ್ಮನ ಕಥೆ ಹೇಳಿದೆ. "ಇಷ್ಟು ವರ್ಷ ನಾನು ಹೆದರ್ತಿದ್ದದ್ದು ನಿಂಗಾ?" ಎಂದ.

ದಶಮಿಯ ಸಂಜೆ ಆರತಿಯಾದ ಮೇಲೆ ಗೊಂಬೆ ಮಲಗಿಸುವುದು ಪದ್ಧತಿ. ಒಂದನ್ನು ಮಲಗಿಸಿದರೆ ಸಾಕು, ಹಬ್ಬ ಮುಗಿದ ಹಾಗೆ. ಉಳಿದವನ್ನು ಮರುದಿನ ಕಾಗದದಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತೇವೆ. ಪ್ರತಿ ವರ್ಷ ಪಟ್ಟದ ರಾಣಿಯನ್ನು ಮಲಗಿಸುವ ಅಮ್ಮ ಈ ಸಲ ಕೆಳಗಿನ ಮೆಟ್ಟಿಲಿಗೆ ಬಗ್ಗಿದಳು. ಹಸಿರು ಬಟ್ಟೆಯ ಟಾಂಕಿ ಗುಮ್ಮನನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಾತ ಅಲ್ಲ, ಎಡ ಮಗ್ಗುಲಿಗೆ ಮಲಗಿಸಿದಳು. ತನ್ನ ಕರ್ಚೀಫು ಮಡಚಿ ಹೊಟ್ಟೆಯ ಕೆಳಗೆ ಆಸರೆ ಕೊಟ್ಟಳು.

"ಎಂಟು ತಿಂಗಳಾದ ಮೇಲೆ ಅಂಗಾತ ಮಲಗಬಾರದು" ಎಂದಳು. "ಒಳಗಿರೋದಕ್ಕೆ ಕಷ್ಟವಾಗುತ್ತೆ."

ಒಳಗಿದ್ದದ್ದು ಅವಳ ಪಕ್ಕದಲ್ಲೇ ಕೂತು, ಮೂಗು ಒರೆಸಿಕೊಳ್ಳುತ್ತ, ನಾಳೆ ಗೊಂಬೆ ಸುತ್ತಲು ಹಳೇ ಪೇಪರು ಹರಿಯುತ್ತಿತ್ತು.